ಕತಾರಿನ ಸೀಲೈನ್: ಕಡಲ ದಂಡೆಯ ಒಂಟೆ ಸವಾರಿ, ಮರಳುದಿಬ್ಬದ ಗಾಡಿ ಪ್ರಯಾಣ, ಎರಡನ್ನೂ ಒಂದೇ ಮಧ್ಯಾಹ್ನ ಮಾಡುವ ಬಗೆ

ಊರಿನಿಂದ ದೋಹಾಕ್ಕೆ ಬರುವ ನೆಂಟರಿಷ್ಟರು ಮನೆ ತಲುಪಿ ಕಾಲು ತೊಳೆಯುವ ಮೊದಲೇ ಕೇಳುವ ಪ್ರಶ್ನೆಗಳು ಎರಡು. ಒಂಟೆಯ ಮೇಲೆ ಕೂರುವುದು ಯಾವಾಗ? ಮರುಭೂಮಿಯಲ್ಲಿ ಜೀಪು ಹತ್ತುವುದು ಯಾವಾಗ? ಹನ್ನೊಂದು ಚಳಿಗಾಲ ಇಲ್ಲಿ ಕಳೆದಿದ್ದೇನೆ. ಅತ್ತೆ ಮಾವ, ತಂಗಿಯ ಸಂಸಾರ, ಅಮೆರಿಕಕ್ಕೆ ಹೋಗುವ ದಾರಿಯಲ್ಲಿ ಒಂದು ದಿನ ಇಳಿದ ಗೆಳೆಯರು, ಹೀಗೆ ಎಷ್ಟೋ ಜನರನ್ನು ಕರೆದುಕೊಂಡು ಹೋಗಿದ್ದೇನೆ. ಕೆಲವರು ಆ ಮಧ್ಯಾಹ್ನವನ್ನು ವರ್ಷಗಟ್ಟಲೆ ನೆನೆದಿದ್ದಾರೆ, ಕೆಲವರು ವಾಂತಿ ಮಾಡಿಕೊಂಡು ಬೆನ್ನು ಹಿಡಿದುಕೊಂಡು ವಾಪಸು ಬಂದಿದ್ದಾರೆ. ಇಬ್ಬರೂ ಹೋದದ್ದು ಒಂದೇ ಜಾಗಕ್ಕೆ, ಒಂದೇ ದಾರಿಯಲ್ಲಿ. ಹೊತ್ತು, ಅನುಕ್ರಮ ಮತ್ತು ಗಾಡಿ ಓಡಿಸುವವನ ಬಗ್ಗೆ ಮೊದಲೇ ಯೋಚಿಸಿದ್ದೆವೋ ಇಲ್ಲವೋ ಎಂಬುದರಲ್ಲಿ ವ್ಯತ್ಯಾಸವಿತ್ತು. ಆ ಯೋಚನೆಯನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಜಾಗದ ಪರಿಚಯ

ದೋಹಾದಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದರೆ ಮುಕ್ಕಾಲು ಗಂಟೆಯಲ್ಲಿ ಮೆಸಯೀದ್ ಸಿಗುತ್ತದೆ. ಕಾರ್ಖಾನೆಗಳ ಊರು. ಹಿಂದೆ ಇದರ ಹೆಸರು ಉಮ್ ಸಯೀದ್. ಕತಾರಿನ ಕಚ್ಚಾ ತೈಲ ಮೊದಲ ಬಾರಿಗೆ ಹಡಗೇರಿದ್ದು 1949ರಲ್ಲಿ, ಇಲ್ಲಿಂದಲೇ. ಚಿಮಣಿಗಳನ್ನು ದಾಟಿ ಇನ್ನಷ್ಟು ಮುಂದೆ ಹೋದರೆ ಸೀಲೈನ್ ಕಡಲ ತೀರ. ಡಾಂಬರು ರಸ್ತೆ ಅಲ್ಲಿಗೆ ಮುಗಿಯುತ್ತದೆ. ಎಡಕ್ಕೆ ಕೊಲ್ಲಿಯ ನೀರು, ಬಲಕ್ಕೆ ಬೆಟ್ಟದಂತೆ ಎದ್ದ ಮರಳು. ಒಂಟೆಗಳು ಕುಳಿತಿರುವುದು ಈ ಎರಡರ ನಡುವೆ.

ಅಲ್ಲಿಂದ ಆಚೆಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಸಿಗುವ ಗಾಡಿಗಳಷ್ಟೇ ಹೋಗಬಲ್ಲವು. ದಿಬ್ಬಗಳನ್ನು ಹತ್ತಿ ಇಳಿಯುತ್ತಾ ಸಾಗಿದರೆ ಕೊನೆಗೆ ಖೋರ್ ಅಲ್ ಅದೈದ್ ಕಾಣಿಸುತ್ತದೆ. ಇಲ್ಲಿನವರು ಇದನ್ನು ಒಳಗಡಲು ಎನ್ನುತ್ತಾರೆ. ಕೊಲ್ಲಿಯ ನೀರು ಕಿರಿದಾದ ದಾರಿಯಲ್ಲಿ ನುಗ್ಗಿ ಮರುಭೂಮಿಯ ಮಧ್ಯದಲ್ಲಿ ಹರಡಿಕೊಂಡಿದೆ. ಮರಳುದಿಬ್ಬ ನೇರವಾಗಿ ನೀರಿಗೆ ಜಾರುವ ಇಂಥ ಜಾಗಗಳು ಜಗತ್ತಿನಲ್ಲಿ ವಿರಳ. 2008ರಿಂದ ಇದು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿದೆ. ನೀರಿನ ಆಚೆ ದಡದಲ್ಲಿ ಕಾಣುವ ಗುಡ್ಡಗಳು ಸೌದಿ ಅರೇಬಿಯಾದವು.

ನಮ್ಮ ಪಣಂಬೂರಿನ ಕಡಲ ಬದಿಯಲ್ಲಿ ಒಂಟೆ ಹತ್ತಿದವರಿಗೆ ಅಲೆಯೂ ಒಂಟೆಯೂ ಒಟ್ಟಿಗೆ ಇರುವುದು ಹೊಸತಲ್ಲ. ಆದರೆ ಒಂಟೆ ಪರವೂರಿನ ಪ್ರಾಣಿಯಾಗಿರದೆ ತನ್ನದೇ ನೆಲದಲ್ಲಿ ನಿಂತಿರುವುದನ್ನು ನೋಡಬೇಕೆಂದರೆ ಇಲ್ಲಿಗೆ ಬರಬೇಕು.

ತಿಂಗಳು ಮತ್ತು ಗಂಟೆ

ನವೆಂಬರಿನಿಂದ ಮಾರ್ಚ್‌ವರೆಗೆ ಬನ್ನಿ. ಜೂನ್, ಜುಲೈ, ಆಗಸ್ಟ್‌ನಲ್ಲಿ ಇಲ್ಲಿನ ಬಿಸಿಲು 45 ಡಿಗ್ರಿ ದಾಟುವುದು ಮಾಮೂಲು. ಆಗ ಮರಳಿನ ಮೇಲೆ ಮಕ್ಕಳನ್ನಾಗಲಿ ಹಿರಿಯರನ್ನಾಗಲಿ ನಿಲ್ಲಿಸುವುದು ಸರಿಯಲ್ಲ. ಆ ಬಿಸಿಲಿನಲ್ಲಿ ಒಂಟೆಯ ಬೆನ್ನೇರುವುದಂತೂ ಸಲ್ಲದು. ಬೇಸಿಗೆಯಲ್ಲೇ ಬರಬೇಕಾಗಿ ಬಂದರೆ ನಸುಕಿನ ಪ್ರವಾಸ ಒಂದೇ ದಾರಿ.

ವಾರದ ದಿನವೂ ಮುಖ್ಯ. ಕತಾರಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಸೀಲೈನ್‌ನಲ್ಲಿ ಜನಜಾತ್ರೆ. ನಾಲ್ಕು ಚಕ್ರದ ಮರಳುಬೈಕುಗಳು ಎಲ್ಲ ದಿಕ್ಕಿನಿಂದ ಹಾರಿ ಬರುತ್ತವೆ. ಭಾನುವಾರದಿಂದ ಬುಧವಾರದೊಳಗೆ ಒಂದು ದಿನ ಆರಿಸಿಕೊಂಡರೆ ಒಂಟೆಗೂ ನಿಮಗೂ ನೆಮ್ಮದಿ.

ಈಗ ಗಂಟೆ. ಇದನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸುಮಾರು 4.45ಕ್ಕೆ. ಸೂರ್ಯಾಸ್ತದ ಹೊತ್ತಿಗೆ ನೀವು ಒಳಗಡಲಿನ ದಡದಲ್ಲಿ ಇರಬೇಕು. ಅಂದರೆ ಮೂರು ಗಂಟೆಗೆ ದಿಬ್ಬಗಳನ್ನು ಹತ್ತಲು ಶುರು ಮಾಡಿರಬೇಕು. ಅದಕ್ಕೂ ಮೊದಲು ಒಂಟೆಗೆ ಮುಕ್ಕಾಲು ಗಂಟೆ. ಅದಕ್ಕೂ ಮೊದಲು ದಾರಿಗೆ ಒಂದು ಗಂಟೆ. ಹಾಗಾಗಿ ದೋಹಾದ ಬಾಗಿಲಲ್ಲಿ ಗಾಡಿ ಮಧ್ಯಾಹ್ನ ಒಂದಕ್ಕೇ ಬಂದು ನಿಂತಿರಬೇಕು. ಮಾರ್ಚ್ ಕೊನೆಗೆ ಬಂದರೆ ಹೆಚ್ಚುಕಡಿಮೆ ಒಂದು ಗಂಟೆ ತಡವಾಗಿ ಹೊರಟರೂ ನಡೆಯುತ್ತದೆ. ಅನೇಕ ಪ್ರವಾಸ ಕಂಪನಿಗಳು ಚಳಿಗಾಲದಲ್ಲೂ ಮೂರು ಗಂಟೆಗೆ ಕರೆದೊಯ್ಯಲು ಬರುತ್ತೇವೆ ಎನ್ನುತ್ತವೆ. ಒಪ್ಪಿಕೊಳ್ಳಬೇಡಿ. ಆ ಲೆಕ್ಕದಲ್ಲಿ ಒಂಟೆಗೆ ಐದು ನಿಮಿಷ ಸಿಗುತ್ತದೆ, ದಿಬ್ಬಗಳನ್ನು ಮಬ್ಬುಗತ್ತಲಲ್ಲಿ ದಾಟಬೇಕಾಗುತ್ತದೆ.

ಬೆಳಗಿನ ಪ್ರವಾಸವೂ ಚೆನ್ನ. ನೆರಳು ಉದ್ದವಿರುವುದರಿಂದ ಮರಳಿನ ಮೇಲೆ ಗಾಳಿ ಎಳೆದ ಗೆರೆಗಳು ಎದ್ದು ಕಾಣುತ್ತವೆ. ಆದರೆ ಚಳಿಗಾಲದ ಕೆಲವು ಮುಂಜಾನೆ ದಟ್ಟ ಮಂಜು ಕವಿಯುತ್ತದೆ. ಹಿಂದಿನ ರಾತ್ರಿ ಹವಾಮಾನ ನೋಡಿಕೊಂಡೇ ನಿರ್ಧರಿಸಿ.

ವಿಮಾನ ಬದಲಿಸುವ ನಡುವೆ ಬಂದು ಹೋಗುವವರಿಗೆ ಒಂದು ಮಾತು. ಬೆಂಗಳೂರಿನಿಂದ ಯುರೋಪಿಗೋ ಅಮೆರಿಕಕ್ಕೋ ಹೋಗುವಾಗ ದೋಹಾದಲ್ಲಿ ಎಂಟು ಹತ್ತು ಗಂಟೆ ಕಾಯುವ ಕನ್ನಡಿಗರು ಬಹಳ ಜನ. ಪ್ರವಾಸಕ್ಕೇ ಐದರಿಂದ ಆರು ಗಂಟೆ ಬೇಕು. ವಲಸೆ ತಪಾಸಣೆ, ಮತ್ತೆ ಒಳಗೆ ಹೋಗುವ ಸಾಲು, ಹೆದ್ದಾರಿಯ ದಟ್ಟಣೆ ಇವೆಲ್ಲ ಬೇರೆ. ಹತ್ತು ಗಂಟೆಗಿಂತ ಕಡಿಮೆ ಬಿಡುವಿದ್ದರೆ ಈ ಆಸೆಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ, ಟಿಕೆಟ್ ತೆಗೆಯುವ ದಿನವೇ ಅಧಿಕೃತ ತಾಣದಲ್ಲಿ ನೋಡಿಕೊಳ್ಳಿ.

ಒಂಟೆ ಮೊದಲು, ಗಾಡಿ ಆಮೇಲೆ

ಇದೊಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಒಮ್ಮೆ ನಮ್ಮನ್ನು ಕರೆದೊಯ್ದ ಚಾಲಕ, "ಒಂಟೆ ವಾಪಸು ಬರುವಾಗ ನೋಡೋಣ" ಎಂದು ನೇರ ದಿಬ್ಬಗಳಿಗೆ ನುಗ್ಗಿದ. ವಾಪಸು ಬರುವಾಗ ಕತ್ತಲಾಗಿತ್ತು, ಒಂಟೆಯವರು ಹೊರಟುಹೋಗಿದ್ದರು. ಬೆಂಗಳೂರಿನಿಂದ ಒಂಟೆಗೆಂದೇ ಬಂದಿದ್ದ ಆರು ವರ್ಷದ ಮಗು ದಾರಿಯುದ್ದಕ್ಕೂ ಅತ್ತಿತು.

ಮಗುವಿನ ಕಣ್ಣೀರು ಮಾತ್ರ ಕಾರಣವಲ್ಲ. ದಿಬ್ಬಗಳ ಮೇಲೆ ಗಾಡಿ ಏರಿಳಿದ ಮೇಲೆ ತಲೆ ಸುತ್ತಿರುತ್ತದೆ, ಹೊಟ್ಟೆ ತೊಳಸಿರುತ್ತದೆ. ಒಂಟೆ ನಡೆಯುವಾಗ ಒಂದೇ ಬದಿಯ ಮುಂಗಾಲು ಹಿಂಗಾಲುಗಳನ್ನು ಜೊತೆಯಾಗಿ ಎತ್ತಿಡುತ್ತದೆ, ಹಾಗಾಗಿ ಮೇಲಿರುವವರು ದೋಣಿಯಲ್ಲಿ ಕುಳಿತಂತೆ ಅತ್ತ ಇತ್ತ ತೂಗುತ್ತಾರೆ. ತೊಳಸಿದ ಹೊಟ್ಟೆಗೆ ಆ ತೂಗಾಟ ತಡೆಯುವುದಿಲ್ಲ. ಮೊದಲು ತೂಗಿ ಆಮೇಲೆ ಹಾರಿದರೆ ದೇಹ ಒಗ್ಗಿಕೊಳ್ಳುತ್ತದೆ. ಅಲ್ಲದೆ, ಟೈರಿನ ಗಾಳಿ ಇಳಿಸಲು ಗಾಡಿ ಹೇಗೂ ಸೀಲೈನ್‌ನಲ್ಲಿ ನಿಲ್ಲಲೇಬೇಕು. ಆ ನಿಲುಗಡೆಯಲ್ಲೇ ಮೊದಲು ಒಂಟೆ ಸವಾರಿ ಮುಗಿಸಿಕೊಳ್ಳಬಹುದು.

ಬುಕ್ ಮಾಡುವಾಗ ಕೇಳಬೇಕಾದ ಪ್ರಶ್ನೆಗಳು

ಬೆಲೆ ಕೇಳುವ ಮೊದಲು ಇವನ್ನು ಕೇಳಿ. ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಒಂಟೆ ಸವಾರಿ ಬೆಲೆಯಲ್ಲಿ ಸೇರಿದೆಯೇ? ಸೇರಿದ್ದರೆ ಎಷ್ಟು ನಿಮಿಷ, ಎಲ್ಲಿಯವರೆಗೆ? "ಸೇರಿದೆ" ಎಂದರೆ ಬಹಳ ಸಲ ಒಂಟೆ ಎದ್ದು ಒಂದು ಸುತ್ತು ತಿರುಗಿ ಕೂರುವುದಷ್ಟೇ. ನೀರಿನ ಅಂಚಿನವರೆಗೆ ಹೋಗಿ ಬರುವ ಸವಾರಿ ಬೇಕಿದ್ದರೆ ಬೇರೆಯಾಗಿ ಹಣ ಕೊಡಬೇಕಾಗುತ್ತದೆ. ಕೊಡಿ. ಇಡೀ ದಿನದಲ್ಲಿ ಸಾರ್ಥಕವಾಗುವ ಖರ್ಚು ಅದು.

ಗಾಡಿ ನಮಗೊಬ್ಬರಿಗೇ ಇರುತ್ತದೆಯೋ, ಬೇರೆಯವರೂ ಇರುತ್ತಾರೋ? ಹಂಚಿಕೊಂಡ ಗಾಡಿ ಅಗ್ಗ, ಆದರೆ "ನಿಧಾನ ಹೋಗಿ" ಎಂದು ಹೇಳುವ ಸ್ವಾತಂತ್ರ್ಯ ಇರುವುದಿಲ್ಲ. ಹಿಂದಿನ ಸೀಟಿನ ಹುಡುಗರಿಗೆ ಹಾರಾಟ ಬೇಕು, ನಿಮ್ಮ ಅಮ್ಮನಿಗೆ ಬೇಡ. ಮನೆಯವರು ನಾಲ್ಕೈದು ಜನ ಇದ್ದರೆ ಇಡೀ ಗಾಡಿಯನ್ನೇ ಗೊತ್ತು ಮಾಡಿ.

ಎಲ್ಲ ಸೀಟಿಗೂ ಸೀಟ್ ಬೆಲ್ಟ್ ಇದೆಯೇ? ಮೂರನೆಯ ಸಾಲಿನಲ್ಲೂ? ಗಾಡಿಯ ಒಳಗೆ ಉಕ್ಕಿನ ರಕ್ಷಣಾ ಚೌಕಟ್ಟು ಇದೆಯೇ? ಇನ್ನೊಂದು ಗಾಡಿ ಜೊತೆಗೆ ಬರುತ್ತದೆಯೇ? ಒಳಗಡಲಿನವರೆಗೂ ಹೋಗುತ್ತೀರೋ, ದಿಬ್ಬಗಳಲ್ಲೇ ಸುತ್ತಿಸಿ ವಾಪಸು ಕರೆತರುತ್ತೀರೋ? ಅರ್ಧ ದಿನದ ಪ್ರವಾಸ ಎಂದು ಮಾರುವವರಲ್ಲಿ ಎರಡೂ ಬಗೆಯವರಿದ್ದಾರೆ.

ಹಣದ ಲೆಕ್ಕಕ್ಕೆ: ಒಂದು ಅಮೆರಿಕನ್ ಡಾಲರಿಗೆ 3.64 ಕತಾರಿ ರಿಯಾಲ್, ಈ ದರ ಸ್ಥಿರವಾಗಿದೆ. ಒಂಟೆಯವರಿಗೆ ಕೊಡಲು ಸಣ್ಣ ನೋಟುಗಳನ್ನು ಇಟ್ಟುಕೊಳ್ಳಿ, ಅಲ್ಲಿ ಕಾರ್ಡು ನಡೆಯುತ್ತದೆ ಎಂದು ನಂಬಿ ಹೋಗಬೇಡಿ.

ಯಾರು ಯಾವುದನ್ನು ಬಿಡಬೇಕು

ಗರ್ಭಿಣಿಯರು ಎರಡನ್ನೂ ಬಿಡಬೇಕು. ಬೆನ್ನುಮೂಳೆ, ಕುತ್ತಿಗೆ, ಹೃದಯದ ತೊಂದರೆ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ದಿಬ್ಬಗಳ ಹಾರಾಟಕ್ಕೆ ಹೋಗಬಾರದು. ಕಂಕುಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂರುವುದಂತೂ ಯೋಚಿಸಲೂ ಬಾರದ ಮಾತು. ಬೆಲ್ಟ್ ಸರಿಯಾಗಿ ಹೆಗಲ ಮೇಲೆ ಕೂರದಷ್ಟು ಚಿಕ್ಕ ಮಕ್ಕಳಿದ್ದರೆ ಚಾಲಕನಿಗೆ ದಿಬ್ಬ ಬಿಟ್ಟು ಸಮತಟ್ಟಾದ ದಾರಿಯಲ್ಲಿ ಹೋಗಲು ಹೇಳಿ. ಅಂಥ ದಾರಿ ಇದೆ, ಎಲ್ಲ ಅನುಭವಿ ಚಾಲಕರಿಗೂ ಗೊತ್ತಿರುತ್ತದೆ.

ಒಂಟೆಯ ವಿಷಯದಲ್ಲಿ ನಮ್ಮವರಿಗೆ ಹೆಚ್ಚಾಗಿ ತಿಳಿಯದ ಸಂಗತಿಯೊಂದಿದೆ. ಮರ್ಸ್ ಎಂಬ ಉಸಿರಾಟದ ಕಾಯಿಲೆ 2012ರಲ್ಲಿ ಸೌದಿ ಅರೇಬಿಯಾದಲ್ಲಿ ಮೊದಲು ಪತ್ತೆಯಾಯಿತು. ಅದರ ವೈರಸ್ ಒಂಟೆಗಳಿಂದ ಮನುಷ್ಯರಿಗೆ ದಾಟಬಲ್ಲದು. ಆರೋಗ್ಯವಂತರು ಹೆದರಿ ಹಿಂಜರಿಯಬೇಕಿಲ್ಲ. ಮುಟ್ಟುವ ಮೊದಲೂ ಆಮೇಲೂ ಕೈ ತೊಳೆಯಬೇಕು, ಮುಖಕ್ಕೆ ಮುಖ ತಾಗಿಸಿ ಫೋಟೊ ತೆಗೆಸಿಕೊಳ್ಳಬಾರದು, ಕಾಯಿಸದ ಒಂಟೆ ಹಾಲನ್ನು ಕುಡಿಯಬಾರದು. ಆದರೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಹಳೆಯ ಶ್ವಾಸಕೋಶದ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ಒಂಟೆಗಳ ಹತ್ತಿರವೇ ಹೋಗದಿರುವುದು ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಊರಿನಿಂದ ಬರುವ ಅಪ್ಪ ಅಮ್ಮಂದಿರಲ್ಲಿ ಸಕ್ಕರೆ ಕಾಯಿಲೆ ಇಲ್ಲದವರು ಎಷ್ಟು ಜನ? ನನ್ನ ಮಾವನವರಿಗೆ ಇದನ್ನು ಹೇಳಲು ಸಂಕಟವಾಯಿತು, ಆದರೂ ಹೇಳಿದೆ. ಅವರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಮೊಮ್ಮಕ್ಕಳ ಸವಾರಿ ನೋಡಿದರು, ಆಮೇಲೆ ಒಳಗಡಲಿನ ದಡದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವರೂ ಅವರೇ.

ಹೊರಡುವ ದಿನ

ಊಟ ಹಗುರವಾಗಿರಲಿ, ದಿಬ್ಬ ಹತ್ತುವುದಕ್ಕೆ ಎರಡು ಗಂಟೆ ಮೊದಲೇ ಮುಗಿದಿರಲಿ. ಮೊಸರನ್ನ ಅಥವಾ ಅವಲಕ್ಕಿ ಸಾಕು. ಬಿರಿಯಾನಿ ತಿಂದು ಬಂದವರ ಪಾಡನ್ನು ಹಿಂದಿನ ಸೀಟಿನಲ್ಲಿ ಕುಳಿತು ನೋಡಿದ್ದೇನೆ. ಘಾಟಿಯ ಬಸ್ಸಿನಲ್ಲಿ ವಾಂತಿಯಾಗುವವರು ಇಲ್ಲೂ ಮಾತ್ರೆ ಬೇಕೆಂದೇ ತಿಳಿಯಬೇಕು. ದೋಹಾದಿಂದ ಹೊರಡುವಾಗಲೇ ನುಂಗಿದರೆ ಹೊತ್ತಿಗೆ ಸರಿಯಾಗಿ ಕೆಲಸ ಮಾಡುತ್ತದೆ. ಔಷಧಿ ತರುವವರು ವೈದ್ಯರ ಚೀಟಿಯನ್ನೂ ತನ್ನಿ. ಕೊಡೀನ್, ಟ್ರಮಡಾಲ್ ಇರುವ ಮದ್ದುಗಳ ಮೇಲೆ ಕತಾರಿನಲ್ಲಿ ಬಿಗಿಯಾದ ನಿರ್ಬಂಧವಿದೆ, ಊರಿನ ಕೆಮ್ಮಿನ ಸಿರಪ್ಪಿನಲ್ಲೂ ಕೊಡೀನ್ ಇರಬಹುದು.

ಸೀರೆ ಬೇಡ. ಜೀನಿನ ಎರಡೂ ಬದಿಗೆ ಕಾಲು ಹಾಕಿ ಕೂರಬೇಕಾದ್ದರಿಂದ ಚೂಡಿದಾರ ಅಥವಾ ಪ್ಯಾಂಟು ಅನುಕೂಲ. ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಇಲ್ಲಿನ ರೀತಿಗೂ ಬಿಸಿಲಿಗೂ ಒಪ್ಪುತ್ತದೆ. ಹವಾಯಿ ಚಪ್ಪಲಿ ಒಂಟೆ ಎದ್ದ ಕ್ಷಣವೇ ಕೆಳಗೆ ಬೀಳುತ್ತದೆ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಮುಳುಗಿದ ಕೂಡಲೇ ಚಳಿಗಾಳಿ ಬೀಸುವುದರಿಂದ ಒಂದು ಸ್ವೆಟರ್ ಗಾಡಿಯಲ್ಲಿರಲಿ. ನೀರು ಒಬ್ಬೊಬ್ಬರಿಗೆ ಎರಡು ಲೀಟರ್.

ಗಾಡಿಯೊಳಗೆ ಬಿಡಿ ಸಾಮಾನು ಏನೂ ಇರಬಾರದು. ನಾನು ಒಮ್ಮೆ ಚಕ್ಕುಲಿ ತುಂಬಿದ ಸ್ಟೀಲ್ ಡಬ್ಬಿಯನ್ನು ಹಿಂದಿನ ಕಿಟಕಿಯ ಬಳಿ ಇಟ್ಟಿದ್ದೆ. ಮೂರನೆಯ ದಿಬ್ಬದಲ್ಲಿ ಅದು ಎದ್ದು ತಂಗಿಯ ಕಿವಿಯ ಪಕ್ಕದಲ್ಲೇ ಹಾದು ಮುಂದಿನ ಗಾಜಿಗೆ ಬಡಿಯಿತು. ಎರಡು ಬೆರಳು ಈಚೆಗೆ ಬಂದಿದ್ದರೆ ಏನಾಗುತ್ತಿತ್ತೋ. ಅಂದಿನಿಂದ ಎಲ್ಲವನ್ನೂ ಚೀಲಕ್ಕೆ ಹಾಕಿ ಸೀಟಿನ ಕೆಳಗೆ ತುರುಕಿ ಕಟ್ಟಿದ ಮೇಲೆಯೇ ಗಾಡಿ ಹೊರಡುತ್ತದೆ.

ಒಂಟೆಯ ಬಳಿ

ಇಳಿದ ಕೂಡಲೇ ಹತ್ತಬೇಡಿ. ಐದು ನಿಮಿಷ ಸುಮ್ಮನೆ ನೋಡಿ. ಡುಬ್ಬ ನೆಟ್ಟಗೆ ತುಂಬಿಕೊಂಡಿದೆಯೇ, ಒಂದು ಬದಿಗೆ ಜೋತುಬಿದ್ದಿದೆಯೇ? ಜೀನಿನ ಅಂಚಿನಲ್ಲಿ, ಹೊಟ್ಟೆಪಟ್ಟಿ ತಾಗುವಲ್ಲಿ ಗಾಯವಿದೆಯೇ? ಮೂಗಿನ ಬಳಿ ರಕ್ತ, ಕೀವು ಕಾಣುತ್ತಿದೆಯೇ? ಹತ್ತಿರದಲ್ಲಿ ನೀರು, ಮೇವು ಇದೆಯೇ? ಸೊರಗಿದ, ಗಾಯವಾದ ಒಂಟೆಯನ್ನು ಹತ್ತಬೇಡಿ, ಯಾಕೆ ಹತ್ತುವುದಿಲ್ಲ ಎಂದು ಒಂಟೆಯವನಿಗೆ ಸಮಾಧಾನದಿಂದಲೇ ಹೇಳಿ. ಅಲ್ಲಿ ಹಿಂದಿ ಅಥವಾ ಉರ್ದು ಬಲ್ಲವರು ಯಾರಾದರೂ ಸಿಗುತ್ತಾರೆ, "ಭಾಯ್" ಎಂದು ಕರೆದರೆ ಮುಖ ಅರಳಿಸಿ ಮಾತನಾಡುತ್ತಾರೆ. ಒಂದು ಒಂಟೆಗೆ ಒಬ್ಬರೇ ಇರಲಿ. ಪುಟ್ಟ ಮಗು ಜೊತೆಗಿದ್ದರೆ ಮಾತ್ರ ಇಬ್ಬರು.

ಹತ್ತುವ ಕ್ರಮ ಹೀಗೆ. ಒಂಟೆ ಪೂರ್ತಿ ಕುಳಿತಿರಬೇಕು, ಹಗ್ಗ ಒಂಟೆಯವನ ಕೈಯಲ್ಲಿರಬೇಕು. ಪಕ್ಕದಿಂದ ಹೋಗಿ, ಹಿಂದಿನಿಂದ ಬೇಡ. ಕಾಲು ದಾಟಿಸಿ ಜೀನಿನ ನಡುವೆ ಕುಳಿತು ಮುಂದಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿಯಿರಿ. ಮೊಬೈಲ್ ಜೇಬಿಗೆ ಹೋಗಲಿ. ಒಂಟೆ ಮೊದಲು ಹಿಂಗಾಲುಗಳನ್ನು ಎತ್ತುತ್ತದೆ, ಆಗ ನೀವು ಮುಂದಕ್ಕೆ ಜಾರುತ್ತೀರಿ. ಅದಕ್ಕೆ ಮೊದಲೇ ಹಿಂದಕ್ಕೆ ವಾಲಿ. ಮರುಕ್ಷಣ ಮುಂಗಾಲು ಎತ್ತುತ್ತದೆ, ಆಗ ಮುಂದಕ್ಕೆ ಬಾಗಿ. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಹಾಗಾಗಿ ಮತ್ತೆ ಹಿಂದಕ್ಕೆ ವಾಲಬೇಕು. ಬೀಳುವವರು ಬೀಳುವುದು ಈ ಎರಡು ಹೊತ್ತಿನಲ್ಲಿ. ನಡೆಯುವಾಗ ಬೀಳುವವರು ಅಪರೂಪ.

ಎದ್ದ ಮೇಲೆ ಸೊಂಟವನ್ನು ಬಿಗಿ ಹಿಡಿಯದೆ ಅದರ ತೂಗಾಟಕ್ಕೆ ಬಿಟ್ಟುಕೊಡಿ. ನೀರಿನ ಅಂಚಿಗೆ ಬಂದಾಗ ಒಮ್ಮೆ ಕೆಳಗೆ ಬಗ್ಗಿ ಅದರ ಪಾದ ನೋಡಿ. ಇದನ್ನು ನೋಡದೆ ಯಾರನ್ನೂ ನಾನು ಮುಂದಕ್ಕೆ ಕರೆದೊಯ್ಯುವುದಿಲ್ಲ. ಗೊರಸು ಇಲ್ಲ. ಎರಡು ಬೆರಳು, ಅವುಗಳ ಕೆಳಗೆ ಚರ್ಮದ ಮೆತ್ತೆ. ಕಾಲು ಗಾಳಿಯಲ್ಲಿರುವಾಗ ಆ ಮೆತ್ತೆ ಗುಂಡಗೆ ಒತ್ತಾಗಿರುತ್ತದೆ. ಮರಳಿಗೆ ತಾಗಿ ಭಾರ ಬಿದ್ದ ಕೂಡಲೇ ಕಾದ ಹೆಂಚಿನ ಮೇಲೆ ಹರಡುವ ದೋಸೆ ಹಿಟ್ಟಿನಂತೆ ಅಗಲವಾಗುತ್ತದೆ. ಒದ್ದೆ ಮರಳಿನಲ್ಲೂ ಗುರುತು ಆಳಕ್ಕೆ ಇಳಿಯುವುದಿಲ್ಲ. ಪಕ್ಕದಲ್ಲೇ ನಡೆಯುವ ಮನುಷ್ಯನ ಹಿಮ್ಮಡಿ ಅದಕ್ಕಿಂತ ಆಳಕ್ಕೆ ಹೂತಿರುತ್ತದೆ. ಐನೂರು ಕಿಲೊ ತೂಗಬಲ್ಲ ಪ್ರಾಣಿಯನ್ನು ಈ ನೆಲ ಹೊರುವುದು ಹಾಗೆ.

ಸವಾರಿ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಅಲ್ಲೇ ಕೈ ಮೇಲೆ ಗಿಡುಗ ಕೂರಿಸಿ ಫೋಟೊ ತೆಗೆಯಲು ಕರೆಯುವವರಿರುತ್ತಾರೆ, ಬೇಕಿದ್ದರೆ ಹಣ ಎಷ್ಟೆಂದು ಮೊದಲೇ ಕೇಳಿಕೊಳ್ಳಿ. ಸುತ್ತಲಿನ ಅರಬ್ ಕುಟುಂಬಗಳ, ಅದರಲ್ಲೂ ಹೆಂಗಸರ ಫೋಟೊ ತೆಗೆಯಬಾರದು. ಡ್ರೋನ್ ಹಾರಿಸಲು ಸರ್ಕಾರದ ಅನುಮತಿ ಬೇಕು.

ಟೈರಿನ ಗಾಳಿ

ಈಗ ಗಾಡಿಯ ಬಳಿ ಬನ್ನಿ. ಇಲ್ಲಿ ಹೆಚ್ಚಾಗಿ ಓಡುವುದು ಲ್ಯಾಂಡ್ ಕ್ರೂಸರ್. ಹೆದ್ದಾರಿಯಲ್ಲಿ 35 ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಸುತ್ತಮುತ್ತ ಇದ್ದ ಗಾಳಿಯನ್ನು ಚಾಲಕ 15ರಿಂದ 18ಕ್ಕೆ ಇಳಿಸುತ್ತಾನೆ. ಬುಸ್ ಎಂದು ಗಾಳಿ ಹೋಗುತ್ತಿದ್ದಂತೆ ಟೈರಿನ ತಳ ಚಪ್ಪಟೆಯಾಗಿ, ಉದ್ದಕ್ಕೆ ಹರಡಿ, ಬದಿ ಉಬ್ಬುತ್ತದೆ. ಈಗಷ್ಟೇ ನೋಡಿದ ಒಂಟೆಯ ಪಾದವೇ ಇದು. ಭಾರ ಅಗಲಕ್ಕೆ ಹಂಚಿಹೋದರೆ ಮರಳು ಹೊರುತ್ತದೆ, ಒಂದೇ ಕಡೆ ಬಿದ್ದರೆ ನುಂಗುತ್ತದೆ. ಮಕ್ಕಳಿಗೆ ಒಂಟೆಯ ಪಾದ ತೋರಿಸಿ, ಆಮೇಲೆ ಈ ಟೈರು ತೋರಿಸಿ, ಏನೂ ಹೇಳದೆ ಬಿಡಿ. ತಂಗಿಯ ಮಗ ಎರಡನ್ನೂ ನೋಡಿ ತಾನಾಗಿಯೇ ಹೇಳಿಬಿಟ್ಟ.

ಗಾಳಿ ಅಳೆಯುವ ಮೀಟರು ಹಿಡಿಯದೆ, ನಾಲ್ಕೂ ಚಕ್ರಕ್ಕೆ ಒಂದೇ ಸಮ ಮಾಡದೆ, "ಇಷ್ಟು ಸಾಕು" ಎಂದು ಅವಸರ ಮಾಡುವ ಚಾಲಕನ ಜೊತೆ ದಿಬ್ಬಕ್ಕೆ ಹೋಗಬೇಡಿ. ಗಾಳಿ ಅತಿಯಾಗಿ ಇಳಿದಿದ್ದರೆ ಜೋರಾಗಿ ತಿರುಗಿಸಿದಾಗ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು, ಹೆಚ್ಚಾಗಿದ್ದರೆ ಗಾಡಿ ಹೂತುಕೊಳ್ಳುತ್ತದೆ.

ದಿಬ್ಬಗಳ ಮೇಲೆ

ಶಮಾಲ್ ಎಂಬ ಗಾಳಿ ಇಲ್ಲಿ ವಾಯವ್ಯದಿಂದ ಬೀಸುತ್ತದೆ. ಅದು ಮರಳನ್ನು ತಳ್ಳಿ ದಿಬ್ಬ ಕಟ್ಟುವಾಗ ಗಾಳಿಗೆ ಎದುರಾದ ಮೈ ನಿಧಾನವಾಗಿ ಏರುತ್ತದೆ, ಗಟ್ಟಿಯಾಗಿರುತ್ತದೆ. ನೆತ್ತಿ ದಾಟಿದ ಮರಳು ಆಚೆ ಬದಿಯಲ್ಲಿ ಜಾರಿ ಬೀಳುವುದರಿಂದ ಆ ಮೈ ಕಡಿದಾಗಿ, ಸಡಿಲವಾಗಿರುತ್ತದೆ. ಅದರ ಇಳಿಜಾರು ಮೂವತ್ತಮೂರು ಡಿಗ್ರಿಯ ಆಸುಪಾಸು. ಬಲ್ಲ ಚಾಲಕ ಗಟ್ಟಿ ಮೈಯಲ್ಲಿ ಹತ್ತಿ, ಸಡಿಲ ಮೈಯಲ್ಲಿ ಮೂಗು ಕೆಳಗೆ ಮಾಡಿ ನೇರವಾಗಿ ಇಳಿಯುತ್ತಾನೆ. ಇಳಿಜಾರಿಗೆ ಅಡ್ಡಲಾಗಿ ಗಾಡಿ ನಿಲ್ಲಿಸುವುದೇ ದೊಡ್ಡ ಅಪಾಯ, ಗಾಡಿ ಮಗುಚುವುದು ಹಾಗೆ. ನೆತ್ತಿಯ ಆಚೆ ಏನಿದೆ ಎಂದು ಕಾಣುವುದಿಲ್ಲವಾದ್ದರಿಂದ ಅವನು ಅಲ್ಲಿ ವೇಗ ಇಳಿಸಲೇಬೇಕು.

ನಿಮ್ಮ ಕೆಲಸ ಇಷ್ಟು. ಬೆಲ್ಟ್ ಬಿಗಿಯಾಗಿರಲಿ. ತಲೆಯನ್ನು ಸೀಟಿಗೆ ಒರಗಿಸಿ, ಕಿಟಕಿಗಲ್ಲ. ಮೇಲಿನ ಹಿಡಿಕೆ ಹಿಡಿಯಿರಿ. ಹೊಟ್ಟೆ ತೊಳಸುವವರು ಮುಂದಿನ ಸೀಟಿನಲ್ಲಿ ಕುಳಿತು ದೂರದ ದಿಗಂತ ನೋಡಲಿ, ಮೊಬೈಲ್ ಪರದೆ ನೋಡುತ್ತಾ ವಿಡಿಯೊ ಮಾಡಿದರೆ ಐದೇ ನಿಮಿಷದಲ್ಲಿ ವಾಂತಿ. ಮೂರನೆಯ ಸಾಲು ಎಲ್ಲಕ್ಕಿಂತ ಹೆಚ್ಚು ಎತ್ತಿ ಹಾಕುತ್ತದೆ, ಅದು ಗಟ್ಟಿಮುಟ್ಟಾದವರಿಗೆ. ಹೊರಡುವ ಮೊದಲೇ ಒಂದು ಸನ್ನೆ ಗೊತ್ತು ಮಾಡಿಕೊಳ್ಳಿ. ಭುಜ ಮುಟ್ಟಿದರೆ ನಿಲ್ಲಿಸಬೇಕು. ಮೊದಲ ಎರಡು ದಿಬ್ಬ ನಿಧಾನವಾಗಿ ಹೋಗಲು ಹೇಳಿ, ಎಲ್ಲರ ಮುಖ ನೋಡಿ, ಆಮೇಲೆ ವೇಗ. ನಿಲ್ಲಿಸಿ ಎಂದರೂ ನಗುತ್ತಾ ಮುಂದೆ ಓಡಿಸುವವನಿಗೆ ದನಿ ಏರಿಸಿಯೇ ಹೇಳಿ, ಸಂಕೋಚ ಬೇಡ.

ಗಾಡಿ ಹೂತರೆ ಗಾಬರಿ ಬೇಡ. ಚಕ್ರ ತಿರುಗಿಸಿದಷ್ಟೂ ಆಳಕ್ಕೆ ಇಳಿಯುತ್ತದೆ. ಇಳಿದು, ಗಾಡಿಯಿಂದ ಮೇಲಿನ ಬದಿಗೆ ದೂರ ನಿಲ್ಲಿ. ಚಾಲಕ ಚಕ್ರಗಳ ಮುಂದಿನ ಮರಳು ತೆಗೆದು, ಗಾಳಿ ಇನ್ನೂ ಸ್ವಲ್ಪ ಇಳಿಸಿ, ಬಂದ ಗುರುತಿನಲ್ಲೇ ಹಿಂದಕ್ಕೆ ತೆಗೆಯುತ್ತಾನೆ. ಹಗ್ಗ ಕಟ್ಟಿ ಎಳೆಯುವಾಗ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು, ತುಂಡಾದರೆ ಚಾಟಿಯಂತೆ ಬೀಸುತ್ತದೆ. ತುರ್ತಿಗೆ ಕತಾರಿನ ಸಂಖ್ಯೆ 999.

ಬಾಡಿಗೆಗೆ ಸಿಗುವ ನಾಲ್ಕು ಚಕ್ರದ ಮರಳುಬೈಕುಗಳ ಬಗ್ಗೆಯೂ ಕೇಳುತ್ತಾರೆ. ನನ್ನ ಮನೆಯವರಿಗೆ ನಾನು ಕೊಡಿಸುವುದಿಲ್ಲ. ಮಗುಚಿದರೆ ಮೇಲೆ ಬೀಳುವಷ್ಟು ಭಾರ ಅವು. ಹೋಗಲೇಬೇಕೆಂದರೆ ಹೆಲ್ಮೆಟ್ ಹಾಕಿ, ಸಮತಟ್ಟಾದ ಜಾಗ ಬಿಡಬೇಡಿ.

ಒಳಗಡಲು

ಕೊನೆಯ ದಿಬ್ಬದ ನೆತ್ತಿಯಲ್ಲಿ ಗಾಡಿ ನಿಲ್ಲಿಸಲು ಹೇಳಿ. ಕೆಳಗಿನವರೆಗೆ ಓಡಿಸಿಕೊಂಡು ಹೋಗುವುದು ಬೇಡ. ಇಂಜಿನ್ ಆರಿದ ಮೇಲೆ ಮೊದಲು ಕಿವಿಗೆ ಬರುವುದು ಮರಳು ಜಾರುವ ಸಣ್ಣ ಸದ್ದು. ಚಪ್ಪಲಿ ಕಳಚಿ ಇಳಿಯಿರಿ. ಮೇಲಿನ ಪದರ ಬೆಚ್ಚಗಿರುತ್ತದೆ, ಕಾಲು ಹೂತಂತೆ ಒಳಗಿನ ಮರಳು ತಣ್ಣಗೆ ತಾಗುತ್ತದೆ. ಚಳಿಗಾಲದಲ್ಲಿ ನೀರಿನಂಚಿನಲ್ಲಿ ರಾಜಹಂಸಗಳು ಕಾಣಸಿಗುವುದುಂಟು, ದೂರದಿಂದಲೇ ನೋಡಿ. ಈಜಲು ಇಳಿಯುವವರು ಕಾವಲುಗಾರರು ಯಾರೂ ಇಲ್ಲವೆಂದು ನೆನಪಿಡಿ, ಉಬ್ಬರ ಇಳಿತದ ಸೆಳೆತವೂ ಇದೆ. ಮೊಬೈಲ್ ಇಲ್ಲಿ ಸೌದಿಯ ಜಾಲ ಹಿಡಿಯಬಹುದು, ರೋಮಿಂಗ್ ಆರಿಸಿಬಿಡಿ.

ಇದು ಸಂರಕ್ಷಿತ ಪ್ರದೇಶ. ತಂದ ಚೀಲ, ಬಾಟಲಿ, ಕಿತ್ತಳೆ ಸಿಪ್ಪೆ ಎಲ್ಲವೂ ನಿಮ್ಮ ಜೊತೆಗೇ ವಾಪಸು ಬರಬೇಕು. ಮರಳಿನಲ್ಲಿ ಹೂತಿಟ್ಟರೆ ಆಯಿತು ಎಂದುಕೊಳ್ಳುವವರಿದ್ದಾರೆ. ದಿಬ್ಬ ನಡೆಯುತ್ತಲೇ ಇರುತ್ತದೆ, ಹೂತಿಟ್ಟದ್ದು ಮುಂದಿನ ಚಳಿಗಾಲದಲ್ಲಿ ಮೇಲೆ ಬಂದಿರುತ್ತದೆ, ನಾನು ಕಂಡಿದ್ದೇನೆ.

ಸ್ವಂತ ಗಾಡಿಯವರಿಗೆ

ದೋಹಾದಲ್ಲೇ ನೆಲೆಸಿದ ಕನ್ನಡಿಗರಲ್ಲಿ ಕೆಲವರಿಗೆ ಸ್ವಂತ ಗಾಡಿಯಲ್ಲೇ ಹೋಗುವ ಉಮೇದು. ಒಂಟಿ ಗಾಡಿಯಲ್ಲಿ ಬೇಡ, ಕನಿಷ್ಠ ಎರಡು ಗಾಡಿಗಳಿರಲಿ, ಒಬ್ಬರಿಗಾದರೂ ದಾರಿ ಗೊತ್ತಿರಲಿ. ಗುದ್ದಲಿ, ಎಳೆಯುವ ಹಗ್ಗ, ಗಾಳಿ ತುಂಬುವ ಪಂಪು, ಮೀಟರು ಬೇಕೇ ಬೇಕು. ಬಾಡಿಗೆ ಕಾರಿನ ವಿಮೆ ಸಾಮಾನ್ಯವಾಗಿ ಮರಳಿನ ಓಡಾಟಕ್ಕೆ ಅನ್ವಯಿಸುವುದಿಲ್ಲ, ಕರಾರು ಓದಿ. ದಿಬ್ಬಗಳಿಗಿಂತ ಹೆಚ್ಚು ಮೋಸ ಮಾಡುವುದು ಸಬ್ಖಾ ಎಂಬ ಉಪ್ಪಿನ ಬಯಲು. ನೋಡಲು ಸಿಮೆಂಟ್ ನೆಲದಂತೆ ಗಟ್ಟಿ, ಆದರೆ ತೆಳು ಪೊರೆಯ ಕೆಳಗೆ ಕೆಸರು. ಹಳೆಯ ಗಾಲಿಗುರುತು ಇಲ್ಲದ ಕಡೆ ಕಾಲಿಡಬೇಡಿ. ಉಬ್ಬರದ ಹೊತ್ತು ನೋಡಿಕೊಳ್ಳಿ, ನೀರಿನಂಚಿನ ದಾರಿಗಳು ಮುಚ್ಚಿಹೋಗುತ್ತವೆ.

ವಾಪಸು

ಸೂರ್ಯ ಮುಳುಗಿದ ಕೂಡಲೇ ಹೊರಟು ಸೀಲೈನ್ ಸೇರಿ. ಡಾಂಬರು ತಲುಪಿದ ಕೂಡಲೇ ಟೈರಿಗೆ ಗಾಳಿ ತುಂಬಿಸಲೇಬೇಕು. ಮೆತ್ತಗಿನ ಟೈರಿನಲ್ಲಿ ಹೆದ್ದಾರಿಯ ವೇಗಕ್ಕೆ ಹೋದರೆ ಅದು ಬಿಸಿಯಾಗಿ ಸಿಡಿಯಬಹುದು. ಊಟಕ್ಕೆ ತಡವಾಯಿತೆಂದು "ಮೆಸಯೀದ್‌ನಲ್ಲಿ ತುಂಬಿಸಿದರಾಯಿತು" ಎನ್ನುವ ಚಾಲಕನನ್ನು ತಡೆಯಿರಿ. ನಾಲ್ಕು ಟೈರಿಗೂ ಗಾಳಿ ತುಂಬಲು ಕಾಲು ಗಂಟೆಯಾದರೂ ಬೇಕು. ಅಷ್ಟರಲ್ಲಿ ಹತ್ತಿರದ ಅಂಗಡಿಯಲ್ಲಿ ಕರಕ್ ಚಹಾ ಸಿಗುತ್ತದೆ, ಏಲಕ್ಕಿ ಹಾಕಿ ಗಟ್ಟಿಯಾಗಿ ಕುದಿಸಿದ್ದು. ಮೊದಲು ಕೈ ಇನ್ನೊಮ್ಮೆ ತೊಳೆದುಕೊಳ್ಳಿ, ಆಮೇಲೆ ಲೋಟ ಹಿಡಿಯಿರಿ. ಮೀಟರಿನ ಮುಳ್ಳು 35ಕ್ಕೆ ಬಂದದ್ದನ್ನು ನಿಮ್ಮ ಕಣ್ಣಿನಲ್ಲೇ ನೋಡಿ ಗಾಡಿ ಹತ್ತಿ.